ಇತಿಹಾಸದಿಂದ ಐವರನ್ನು ಆರಿಸುವುದು ಹೇಗೆ?
ಬ್ಯಾಸ್ಕೆಟ್‌ಬಾಲ್‌ನ ಸಾರ್ವಕಾಲಿಕ ತಂಡ ಕಟ್ಟುವ ಆಟ ಮತ್ತು ಅದರ ಲೆಕ್ಕಾಚಾರ



ಕ್ರಿಕೆಟ್ ಪ್ರಿಯರು ನಾಲ್ಕು ಜನ ಸೇರಿದರೆ ಸಾಕು, ‘ಸಾರ್ವಕಾಲಿಕ ಹನ್ನೊಂದು ಜನರ ತಂಡ’ದ ಚರ್ಚೆ ಆರಂಭವಾಗುತ್ತದೆ. ವಿಶ್ವನಾಥ್ ಇರಬೇಕೆ, ದ್ರಾವಿಡ್ ಇರಬೇಕೆ, ಕುಂಬ್ಳೆಯವರ ಜೊತೆಗೆ ಚಂದ್ರಶೇಖರ್ ಅವರನ್ನೂ ಆಡಿಸಬಹುದೆ ಎಂದು ವಾದ ಬೆಳೆಯುತ್ತದೆ. ಇಂಥದೇ ಒಂದು ಆಟ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಅಭಿಮಾನಿಗಳಲ್ಲಿಯೂ ಇದೆ. ಆದರೆ ಅದಕ್ಕೆ ಒಂದು ವಿಶೇಷ ನಿಯಮ ಉಂಟು. ಅಲ್ಲಿ ನೀವು ಆರಿಸುವುದು ಒಬ್ಬ ಆಟಗಾರನ ಇಡೀ ವೃತ್ತಿಜೀವನವನ್ನಲ್ಲ. ಅವನು ಆಡಿದ ಒಂದೇ ಒಂದು ಋತುವನ್ನು. ಅವನ ಅತ್ಯುತ್ತಮ ವರ್ಷ ಯಾವುದು ಎಂದು ನೀವೇ ನಿರ್ಧರಿಸಬೇಕು. ಆ ವರ್ಷದ ಅಂಕಿ ಅಂಶಗಳೊಂದಿಗೆ ಅವನು ನಿಮ್ಮ ತಂಡಕ್ಕೆ ಬರುತ್ತಾನೆ.

ಇದು ಕೇವಲ ಕಾಲಹರಣದ ಆಟವೆಂದು ತೋರಬಹುದು. ಆದರೆ ಸರಿಯಾಗಿ ಆಡಿದರೆ ಇದು ಅಂಕಿಗಳನ್ನು ಓದುವ ಒಂದು ಒಳ್ಳೆಯ ಪಾಠ. 1962ರ ಐವತ್ತು ಅಂಕಕ್ಕೂ 2016ರ ಮೂವತ್ತು ಅಂಕಕ್ಕೂ ಯಾವುದು ಹೆಚ್ಚು? ಪ್ರಶ್ನೆ ವಿಚಿತ್ರವಾಗಿ ಕಂಡರೂ ಉತ್ತರ ಅಷ್ಟು ಸುಲಭವಲ್ಲ. ಈ ಲೇಖನದಲ್ಲಿ ಅದನ್ನು ಹಂತ ಹಂತವಾಗಿ ನೋಡೋಣ.

ಆಟದ ಹಿನ್ನೆಲೆ

ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು 1891ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಊರಿನ ವೈಎಂಸಿಎ ತರಬೇತಿ ಶಾಲೆಯಲ್ಲಿ. ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ಪೀಚ್ ಹಣ್ಣಿನ ಬುಟ್ಟಿಗಳನ್ನು ಬಾಲ್ಕನಿಯ ಕಟಕಟೆಗೆ ಹೊಡೆಸಿ, 13 ನಿಯಮಗಳನ್ನು ಬರೆದು ಈ ಆಟವನ್ನು ಆರಂಭಿಸಿದರು. ಭಾರತಕ್ಕೆ ಈ ಆಟ ಬಂದದ್ದೂ ವೈಎಂಸಿಎ ಮೂಲಕವೇ.

ನಾವು ಇಲ್ಲಿ ನೋಡುವ ಅಂಕಿಗಳೆಲ್ಲ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಗೆ ಸೇರಿದವು. ಅಲ್ಲಿ ಒಂದು ಪಂದ್ಯ 48 ನಿಮಿಷದ್ದು. ಒಂದು ತಂಡದಿಂದ ಏಕಕಾಲಕ್ಕೆ ಐವರು ಅಂಗಳದಲ್ಲಿರುತ್ತಾರೆ. ಅಂದರೆ ಹಂಚಿಕೊಳ್ಳಲು ತಂಡಕ್ಕೆ ಸಿಗುವ ಸಮಯ 48 ಗುಣಿಸು 5, ಒಟ್ಟು 240 ನಿಮಿಷ. ಈ 240 ಎಂಬ ಸಂಖ್ಯೆಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಅಂಕಗಳ ಜೊತೆಗೆ ಪ್ರತಿ ಆಟಗಾರನ ಹೆಸರಿನ ಮುಂದೆ ಬೇರೆ ಲೆಕ್ಕಗಳೂ ಇರುತ್ತವೆ. ಬುಟ್ಟಿಗೆ ಬೀಳದೆ ಹಿಂತಿರುಗಿದ ಚೆಂಡನ್ನು ಹಿಡಿದರೆ ಅದು ರಿಬೌಂಡ್. ಅಂಕ ಗಳಿಸಲು ನೆರವಾಗುವ ಪಾಸ್ ಕೊಟ್ಟರೆ ಅಸಿಸ್ಟ್. ಎದುರಾಳಿಯಿಂದ ಚೆಂಡು ಕಸಿದರೆ ಸ್ಟೀಲ್. ಎದುರಾಳಿಯ ಎಸೆತವನ್ನು ಗಾಳಿಯಲ್ಲಿಯೇ ತಡೆದರೆ ಬ್ಲಾಕ್. ಇವುಗಳೊಂದಿಗೆ ಎಸೆತಗಳಲ್ಲಿ ಶೇಕಡಾ ಎಷ್ಟು ಬುಟ್ಟಿ ಸೇರಿದವು ಎಂಬ ಲೆಕ್ಕವೂ ಇರುತ್ತದೆ.

ಕಲ್ಪನಾ ತಂಡ ಕಟ್ಟುವ ಆಟಗಳು ಅಮೆರಿಕದಲ್ಲಿ ಹೆಸರಾದದ್ದು 1980ರ ನಂತರ. ಆ ವರ್ಷ ಡೇನಿಯಲ್ ಒಕ್ರೆಂಟ್ ಎಂಬ ಬರಹಗಾರರೂ ಅವರ ಗೆಳೆಯರೂ ಬೇಸ್‌ಬಾಲ್‌ಗಾಗಿ ಇಂಥ ಒಂದು ಆಟವನ್ನು ರೂಪಿಸಿದರು. ಅವರು ಸೇರುತ್ತಿದ್ದ ನ್ಯೂಯಾರ್ಕಿನ ಒಂದು ಹೋಟೆಲಿನ ಹೆಸರಿನಿಂದ ಅದಕ್ಕೆ ‘ರೋಟಿಸರಿ’ ಎಂಬ ಹೆಸರು ಬಂತು. ಬ್ಯಾಸ್ಕೆಟ್‌ಬಾಲ್ ಆಟವೂ ಅದೇ ಜಾಡಿನದು. ಒಂದು ಮಾತು ಇಲ್ಲಿಯೇ ಹೇಳಬೇಕು. ನಾವು ಮಾತಾಡುತ್ತಿರುವುದು ಕಾಗದ, ಪೆನ್ಸಿಲ್ ಹಿಡಿದು ಗೆಳೆಯರೊಡನೆ ಆಡುವ ಆಟದ ಬಗ್ಗೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೂ ಇದಕ್ಕೂ ಸಂಬಂಧವಿಲ್ಲ. ಅಂಥ ಆಟಗಳನ್ನು ನಿಷೇಧಿಸುವ ಕಾನೂನನ್ನು ನಮ್ಮ ಸಂಸತ್ತು 2025ರಲ್ಲಿ ಅಂಗೀಕರಿಸಿದೆ.

ಐವತ್ತು ಅಂಕಗಳ ವರ್ಷ

ಈ ಆಟಕ್ಕೆ ಕೂತವರೆಲ್ಲ ಮೊದಲು ಆರಿಸಲು ಹೊರಡುವ ಹೆಸರು ವಿಲ್ಟ್ ಚೇಂಬರ್ಲೇನ್. 1961-62ರ ಋತುವಿನಲ್ಲಿ ಫಿಲಡೆಲ್ಫಿಯಾ ವಾರಿಯರ್ಸ್ ಪರವಾಗಿ ಆಡಿದ ಅವರು 80 ಪಂದ್ಯಗಳಲ್ಲಿ ಒಟ್ಟು 4029 ಅಂಕ ಗಳಿಸಿದರು. ಪಂದ್ಯಕ್ಕೆ ಸರಾಸರಿ 50.4 ಅಂಕ, 25.7 ರಿಬೌಂಡ್. 1962ರ ಮಾರ್ಚ್ 2ರಂದು ಹರ್ಷಿ ಎಂಬ ಊರಿನಲ್ಲಿ ನ್ಯೂಯಾರ್ಕ್ ತಂಡದ ವಿರುದ್ಧ ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದರು. ಆ ಪಂದ್ಯವನ್ನು ಯಾವ ಟೆಲಿವಿಷನ್ ಕ್ಯಾಮೆರಾವೂ ಸೆರೆ ಹಿಡಿಯಲಿಲ್ಲ. ನಮಗೆ ಉಳಿದಿರುವುದು ರೇಡಿಯೋ ವೀಕ್ಷಕ ವಿವರಣೆಯ ಧ್ವನಿ, ಅಂಕಪಟ್ಟಿ ಮತ್ತು ‘100’ ಎಂದು ಬರೆದ ಕಾಗದ ಹಿಡಿದು ಕೂತ ಅವರ ಒಂದು ಛಾಯಾಚಿತ್ರ.

ಇನ್ನೊಂದು ಅಂಕಿಯನ್ನು ಗಮನಿಸಿ. ಆ ಋತುವಿನಲ್ಲಿ ಅವರು ಆಡಿದ್ದು ಪಂದ್ಯಕ್ಕೆ ಸರಾಸರಿ 48.5 ನಿಮಿಷ. ಪಂದ್ಯವೇ 48 ನಿಮಿಷದ್ದಲ್ಲವೆ, ಅರ್ಧ ನಿಮಿಷ ಹೆಚ್ಚು ಬಂದದ್ದು ಹೇಗೆ? ಕೆಲವು ಪಂದ್ಯಗಳು ಸಮವಾಗಿ ಹೆಚ್ಚುವರಿ ಅವಧಿಗೆ ಹೋಗಿದ್ದರಿಂದ. ಇಡೀ ಋತುವಿನಲ್ಲಿ ಅವರು ಅಂಗಳದ ಹೊರಗೆ ಕಳೆದದ್ದು ಕೇವಲ 8 ನಿಮಿಷ!

ಹಾಗಾದರೆ ಆ ವರ್ಷದ ಅತ್ಯಮೂಲ್ಯ ಆಟಗಾರ ಯಾರು? ಚೇಂಬರ್ಲೇನ್ ಅಲ್ಲ. ಆಗ ಆ ಪ್ರಶಸ್ತಿಗೆ ಮತ ಹಾಕುತ್ತಿದ್ದವರು ಆಟಗಾರರೇ. ಅವರು ಆರಿಸಿದ್ದು ಬಾಸ್ಟನ್ ಸೆಲ್ಟಿಕ್ಸ್ ತಂಡದ ಬಿಲ್ ರಸೆಲ್ ಅವರನ್ನು. ರಸೆಲ್ ಅವರ ಸರಾಸರಿ 18.9 ಅಂಕ, 23.6 ರಿಬೌಂಡ್. ಅದೇ ವರ್ಷ ಏಳು ಪಂದ್ಯಗಳ ಸರಣಿಯಲ್ಲಿ ಬಾಸ್ಟನ್ ತಂಡ ಫಿಲಡೆಲ್ಫಿಯಾವನ್ನು 4-3ರಿಂದ ಸೋಲಿಸಿ, ಮುಂದೆ ಚಾಂಪಿಯನ್ ಕೂಡ ಆಯಿತು. ಐವತ್ತು ಅಂಕ ಗಳಿಸಿದವನನ್ನು ಬಿಟ್ಟು ಹತ್ತೊಂಬತ್ತು ಅಂಕದವನನ್ನು ಸಹ ಆಟಗಾರರು ಆರಿಸಿದ್ದೇಕೆ? ಈ ಪ್ರಶ್ನೆಯೇ ನಮ್ಮ ಲೆಕ್ಕಾಚಾರದ ಬಾಗಿಲು.

ಕಾಲವನ್ನು ಸರಿದೂಗಿಸುವುದು

ನಿಮ್ಮ ಶಾಲೆಯಲ್ಲಿ ಒಂದು ವರ್ಷ ಪ್ರಶ್ನೆಪತ್ರಿಕೆ ಬಹಳ ಸುಲಭವಾಗಿತ್ತು, ತರಗತಿಯ ಸರಾಸರಿಯೇ 80 ಬಂತು ಎಂದುಕೊಳ್ಳಿ. ಮರುವರ್ಷ ಪತ್ರಿಕೆ ಕಠಿಣ, ತರಗತಿಯ ಸರಾಸರಿ 50. ಮೊದಲ ವರ್ಷ 85 ಪಡೆದವಳಿಗಿಂತ ಎರಡನೆಯ ವರ್ಷ 75 ಪಡೆದವಳು ಹೆಚ್ಚು ಸಾಧಿಸಿದ್ದಾಳೆ ಎಂದು ಯಾರೂ ಒಪ್ಪುತ್ತಾರೆ. ಬ್ಯಾಸ್ಕೆಟ್‌ಬಾಲ್‌ನಲ್ಲಿಯೂ ಹೀಗೆಯೇ. ಅಂಕವನ್ನು ನೋಡುವ ಮೊದಲು ಆ ವರ್ಷದ ‘ತರಗತಿ ಸರಾಸರಿ’ಯನ್ನು ನೋಡಬೇಕು.

1961-62ರಲ್ಲಿ ಲೀಗ್‌ನಲ್ಲಿ ಇದ್ದದ್ದು 9 ತಂಡಗಳು. ಒಂದು ತಂಡ ಪಂದ್ಯಕ್ಕೆ ಸರಾಸರಿ 118.8 ಅಂಕ ಗಳಿಸುತ್ತಿತ್ತು. ಚೆಂಡು ಸಿಕ್ಕೊಡನೆ ಓಡಿ ಎಸೆಯುವುದು ಅಂದಿನ ರೂಢಿ. ಆದ್ದರಿಂದ ಎಸೆತಗಳು ಹೆಚ್ಚು, ತಪ್ಪಿದ ಎಸೆತಗಳೂ ಹೆಚ್ಚು. ಮುಂದೆ ಆಟದ ವೇಗ ತಗ್ಗಿತು, ರಕ್ಷಣೆ ಬಿಗಿಯಾಯಿತು. 1998-99ರ ವೇಳೆಗೆ ತಂಡದ ಸರಾಸರಿ 91.6ಕ್ಕೆ ಇಳಿದಿತ್ತು. ಅದೇ ಅಂಗಳ, ಅದೇ ಬುಟ್ಟಿ. ಆದರೆ ಅಂಕಗಳ ಬೆಲೆ ಒಂದೇ ಅಲ್ಲ.

ಈಗ ಮೂವರನ್ನು ಪಕ್ಕಪಕ್ಕದಲ್ಲಿ ಇಡೋಣ. ಚೇಂಬರ್ಲೇನ್ ಅವರ 1961-62. ಮೈಕೆಲ್ ಜೋರ್ಡನ್ ಅವರ 1987-88. ಸ್ಟೀಫನ್ ಕರಿ ಅವರ 2015-16.

ಚೇಂಬರ್ಲೇನ್: 48.5 ನಿಮಿಷದಲ್ಲಿ 50.4 ಅಂಕ. ತಂಡಗಳ ಸರಾಸರಿ 118.8.
ಜೋರ್ಡನ್: 40.4 ನಿಮಿಷದಲ್ಲಿ 35.0 ಅಂಕ. ತಂಡಗಳ ಸರಾಸರಿ 108.2.
ಕರಿ: 34.2 ನಿಮಿಷದಲ್ಲಿ 30.1 ಅಂಕ. ತಂಡಗಳ ಸರಾಸರಿ 102.7.

ಮೊದಲ ಹೆಜ್ಜೆ, ಅಂಕವನ್ನು ನಿಮಿಷದಿಂದ ಭಾಗಿಸುವುದು. ಚೇಂಬರ್ಲೇನ್ ಅವರಿಗೆ ನಿಮಿಷಕ್ಕೆ 1.04, ಜೋರ್ಡನ್ ಅವರಿಗೆ 0.87, ಕರಿ ಅವರಿಗೆ 0.88 ಬರುತ್ತದೆ. ಎರಡನೆಯ ಹೆಜ್ಜೆ, ಮೂವರನ್ನೂ ಒಂದೇ ವರ್ಷದ ಮಟ್ಟಕ್ಕೆ ತರುವುದು. ಜೋರ್ಡನ್ ಅವರ ವರ್ಷವನ್ನೇ ಅಳತೆಗೋಲಾಗಿ ಇಟ್ಟುಕೊಳ್ಳೋಣ. ಚೇಂಬರ್ಲೇನ್ ಅವರ ಅಂಕಿಯನ್ನು 108.2ರಿಂದ ಗುಣಿಸಿ 118.8ರಿಂದ ಭಾಗಿಸಬೇಕು, ಕರಿ ಅವರದನ್ನು 108.2ರಿಂದ ಗುಣಿಸಿ 102.7ರಿಂದ ಭಾಗಿಸಬೇಕು. ಮೂರನೆಯ ಹೆಜ್ಜೆ, ಮೂವರೂ 40 ನಿಮಿಷ ಆಡಿದರೆ ಎಷ್ಟು ಎಂದು ನೋಡುವುದು.

ಉತ್ತರ ಹೀಗೆ ಬರುತ್ತದೆ: ಚೇಂಬರ್ಲೇನ್ 37.9, ಕರಿ 37.1, ಜೋರ್ಡನ್ 34.7.

ನೋಡಿದಿರಾ! ಮೊದಲಿಗೆ ಚೇಂಬರ್ಲೇನ್ ಅವರಿಗೂ ಕರಿ ಅವರಿಗೂ ಇಪ್ಪತ್ತು ಅಂಕದ ಅಂತರವಿತ್ತು. ಈಗ ಅದು ಒಂದು ಅಂಕಕ್ಕಿಂತಲೂ ಕಡಿಮೆ. ಚೇಂಬರ್ಲೇನ್ ಇನ್ನೂ ಮೊದಲ ಸ್ಥಾನದಲ್ಲಿಯೇ ಇದ್ದಾರೆ. ಅವರ ಸಾಧನೆ ಸುಳ್ಳಾಗಲಿಲ್ಲ. ಆದರೆ ಐವತ್ತು ಎಂಬ ಅಂಕಿಯಲ್ಲಿ ಎಷ್ಟು ಭಾಗ ಆಟಗಾರನದು, ಎಷ್ಟು ಭಾಗ ಅವನ ಕಾಲದ್ದು ಎಂಬುದು ಬೇರ್ಪಟ್ಟಿತು.

ಇಲ್ಲಿ ಒಂದು ಎಚ್ಚರಿಕೆ ಬೇಕು. 34 ನಿಮಿಷ ಆಡುವವನಿಗೆ ದಣಿವು ಕಡಿಮೆ. ಕರಿ 40 ನಿಮಿಷ ಆಡಿದ್ದರೆ ಅದೇ ವೇಗವನ್ನು ಕಾಯ್ದುಕೊಳ್ಳುತ್ತಿದ್ದರೆಂದು ಹೇಳಲಾಗದು. 48 ನಿಮಿಷವೂ ಅಂಗಳದಲ್ಲಿ ನಿಲ್ಲುವುದು ತಾನೇ ಒಂದು ಸಾಮರ್ಥ್ಯ. ಲೆಕ್ಕ ನಮಗೆ ದಾರಿ ತೋರಿಸುತ್ತದೆ; ತೀರ್ಪು ಕೊಡುವ ಹೊಣೆ ನಮ್ಮದೇ.

ರಿಬೌಂಡ್‌ನಲ್ಲಿ ಪಾಲು ಎಷ್ಟು?

ರಿಬೌಂಡ್ ವಿಷಯದಲ್ಲಿ ಈ ಲೆಕ್ಕ ಇನ್ನೂ ಸ್ವಾರಸ್ಯಕರ. ಎಸೆತ ತಪ್ಪಿದರೆ ಮಾತ್ರ ರಿಬೌಂಡ್. 1961-62ರಲ್ಲಿ ಎಸೆತಗಳು ಹೆಚ್ಚು, ಗುರಿ ತಪ್ಪುವುದೂ ಹೆಚ್ಚು ಆಗಿದ್ದರಿಂದ ಒಂದು ತಂಡಕ್ಕೆ ಪಂದ್ಯವೊಂದರಲ್ಲಿ ಸುಮಾರು 71 ರಿಬೌಂಡ್ ಸಿಗುತ್ತಿದ್ದವು. 1991-92ರಲ್ಲಿ ಸಿಗುತ್ತಿದ್ದದ್ದು ಸುಮಾರು 44.

1991-92ರಲ್ಲಿ ಡೆಟ್ರಾಯಿಟ್ ಪಿಸ್ಟನ್ಸ್ ತಂಡದ ಡೆನಿಸ್ ರಾಡ್‌ಮನ್ ಅವರ ಸರಾಸರಿ 18.7 ರಿಬೌಂಡ್. ಚೇಂಬರ್ಲೇನ್ ಅವರ 25.7ರ ಮುಂದೆ ಇದು ಕಡಿಮೆ ಎಂದು ಕಾಣುತ್ತದೆ. ಆದರೆ ಪಾಲನ್ನು ನೋಡಿ. 71ರಲ್ಲಿ 25.7 ಎಂದರೆ ಶೇಕಡಾ 36. 44ರಲ್ಲಿ 18.7 ಎಂದರೆ ಶೇಕಡಾ 42ಕ್ಕಿಂತ ಹೆಚ್ಚು. ಅದೂ ಚೇಂಬರ್ಲೇನ್ ಅವರಿಗಿಂತ ಪಂದ್ಯಕ್ಕೆ ಎಂಟು ನಿಮಿಷ ಕಡಿಮೆ ಆಡಿ! ಅವರ ಎತ್ತರ ಚೇಂಬರ್ಲೇನ್ ಅವರಿಗಿಂತ ಬಹಳ ಕಡಿಮೆ ಎಂಬುದನ್ನೂ ಸೇರಿಸಿಕೊಳ್ಳಿ. ನಿಮ್ಮ ತಂಡಕ್ಕೆ ರಿಬೌಂಡ್ ಬೇಕಾಗಿದ್ದರೆ ಮೊದಲು ನೋಡಬೇಕಾದ ಋತು ಇದು.

ಅದೇ 1961-62ರಲ್ಲಿ ಸಿನ್ಸಿನಾಟಿ ರಾಯಲ್ಸ್ ತಂಡದ ಆಸ್ಕರ್ ರಾಬರ್ಟ್‌ಸನ್ 30.8 ಅಂಕ, 12.5 ರಿಬೌಂಡ್, 11.4 ಅಸಿಸ್ಟ್ ಗಳಿಸಿದ್ದರು. ಮೂರು ವಿಭಾಗಗಳಲ್ಲಿಯೂ ಹತ್ತಕ್ಕಿಂತ ಹೆಚ್ಚು ಸರಾಸರಿ ಎಂಬುದು ಬಹುಕಾಲ ಯಾರಿಗೂ ಮುಟ್ಟಲಾಗದ ಗುರಿಯಾಗಿತ್ತು. 2016-17ರಲ್ಲಿ ರಸೆಲ್ ವೆಸ್ಟ್‌ಬ್ರೂಕ್ ಅದನ್ನು ಮುಟ್ಟಿದರು: 31.6 ಅಂಕ, 10.7 ರಿಬೌಂಡ್, 10.4 ಅಸಿಸ್ಟ್. ರಾಬರ್ಟ್‌ಸನ್ ಅವರ 12.5 ರಿಬೌಂಡ್‌ಗಳನ್ನು 1991-92ರ ಮಟ್ಟಕ್ಕೆ ಇಳಿಸಿದರೆ ಸುಮಾರು 7.7 ಆಗುತ್ತದೆ. ಒಬ್ಬ ಗಾರ್ಡ್‌ಗೆ ಅದೂ ಬಹಳ ದೊಡ್ಡ ಅಂಕಿಯೇ.

ಬರೆಯದೆ ಉಳಿದ ಕಾಲಂಗಳು

ಈಗ ಒಂದು ಕಷ್ಟದ ಪ್ರಶ್ನೆ. ಬಿಲ್ ರಸೆಲ್ ಎಷ್ಟು ಬ್ಲಾಕ್ ಮಾಡಿದರು? ಅಧಿಕೃತ ದಾಖಲೆಯಲ್ಲಿ ಉತ್ತರವಿಲ್ಲ. ಎನ್‌ಬಿಎ ಬ್ಲಾಕ್ ಮತ್ತು ಸ್ಟೀಲ್‌ಗಳನ್ನು ಲೆಕ್ಕವಿಡಲು ಆರಂಭಿಸಿದ್ದು 1973-74ರಲ್ಲಿ. ರಸೆಲ್ 13 ಋತುಗಳಲ್ಲಿ 11 ಬಾರಿ ಚಾಂಪಿಯನ್ ತಂಡದಲ್ಲಿದ್ದು 1969ರಲ್ಲಿಯೇ ನಿವೃತ್ತರಾಗಿದ್ದರು. ರಕ್ಷಣೆಗೆಂದೇ ಹೆಸರಾದ ಆಟಗಾರನ ಮುಖ್ಯ ಕೆಲಸಕ್ಕೆ ಪುಸ್ತಕದಲ್ಲಿ ಕಾಲಂ ಇರಲೇ ಇಲ್ಲ! ಆಗಿನ ಸಹ ಆಟಗಾರರು ಅವರನ್ನು ಏಕೆ ಆರಿಸಿದರು ಎಂಬ ಪ್ರಶ್ನೆಗೆ ಇದು ಒಂದು ದೊಡ್ಡ ಉತ್ತರ. ಅವರು ಕಣ್ಣಾರೆ ಕಂಡದ್ದನ್ನು ನಮ್ಮ ಪಟ್ಟಿ ಕಾಣದು.

ಕರೀಂ ಅಬ್ದುಲ್-ಜಬ್ಬಾರ್ ಅವರ ಕಥೆಯೂ ಹಾಗೆಯೇ. 1971-72ರಲ್ಲಿ ಮಿಲ್ವಾಕಿ ಪರ ಅವರು ಗಳಿಸಿದ್ದು 34.8 ಅಂಕ, 16.6 ರಿಬೌಂಡ್. ಬ್ಲಾಕ್ ಕಾಲಂ ಖಾಲಿ. ಲೆಕ್ಕವಿಡುವುದು ಆರಂಭವಾದ ಮೇಲೆ 1975-76ರಲ್ಲಿ ಅವರ ಸರಾಸರಿ 4.1 ಬ್ಲಾಕ್. ನಾಲ್ಕು ವರ್ಷ ಮುಂಚೆ ಅವರು ಬ್ಲಾಕ್ ಮಾಡುತ್ತಲೇ ಇರಲಿಲ್ಲ ಎಂದು ಯಾರು ಹೇಳಬಲ್ಲರು? ಆದ್ದರಿಂದ ಒಂದು ನಿಯಮ ಬರೆದುಕೊಳ್ಳಿ: ಖಾಲಿ ಕಾಲಂ ಎಂದರೆ ಸೊನ್ನೆ ಅಲ್ಲ. ಇತಿಹಾಸ ಓದುವಾಗಲೂ, ವಿಜ್ಞಾನದ ದತ್ತಾಂಶ ನೋಡುವಾಗಲೂ ಈ ನಿಯಮ ಉಪಯೋಗಕ್ಕೆ ಬರುತ್ತದೆ.

ಮೂರಂಕದ ಎಸೆತದ ವಿಷಯ ಇನ್ನೊಂದು ಬಗೆಯದು. ದೂರದ ಗೆರೆಯಾಚೆಯಿಂದ ಎಸೆದರೆ ಮೂರು ಅಂಕ ಎಂಬ ನಿಯಮ ಎನ್‌ಬಿಎಗೆ ಬಂದದ್ದು 1979-80ರಲ್ಲಿ. ಮೊದಲ ವರ್ಷ ಒಂದು ತಂಡ ಪಂದ್ಯಕ್ಕೆ ಮೂರು ಬಾರಿಯೂ ಅಲ್ಲಿಂದ ಎಸೆಯುತ್ತಿರಲಿಲ್ಲ. 2015-16ರ ವೇಳೆಗೆ ಅದು 24 ಆಗಿತ್ತು. 1985-86ರಲ್ಲಿ ಲ್ಯಾರಿ ಬರ್ಡ್ 82 ಮೂರಂಕದ ಬುಟ್ಟಿ ಹಾಕಿ ಇಡೀ ಲೀಗ್‌ಗೆ ಮೊದಲಿಗರಾದರು. ಮೂವತ್ತು ವರ್ಷದ ನಂತರ ಕರಿ ಹಾಕಿದ್ದು 402!

ಹಾಗೆಂದು ಬರ್ಡ್ ಅವರನ್ನು ಬದಿಗೆ ಸರಿಸಬೇಡಿ. 1985-86ರಲ್ಲಿ ಲೀಗ್‌ನ ಒಟ್ಟು ಮೂರಂಕದ ಎಸೆತಗಳಲ್ಲಿ ಗುರಿ ಸೇರಿದ್ದು ಶೇಕಡಾ 28.2, ಬರ್ಡ್ ಅವರದು 42.3. ಅಂದರೆ ಸರಾಸರಿಗಿಂತ 14.1 ಹೆಚ್ಚು. 2015-16ರಲ್ಲಿ ಲೀಗ್‌ನದು 35.4, ಕರಿ ಅವರದು 45.4. ಸರಾಸರಿಗಿಂತ 10 ಹೆಚ್ಚು. ಗುರಿಯ ನಿಖರತೆಯಲ್ಲಿ ಬರ್ಡ್ ತಮ್ಮ ಕಾಲದವರಿಗಿಂತ ಇನ್ನೂ ಮುಂದಿದ್ದರು. ಆದರೆ ಅಷ್ಟು ನಿಖರತೆಯನ್ನು 886 ಎಸೆತಗಳ ಉದ್ದಕ್ಕೂ ಉಳಿಸಿಕೊಂಡದ್ದು ಕರಿ ಅವರ ದೊಡ್ಡತನ. ಎರಡನ್ನೂ ಒಟ್ಟಿಗೆ ನೋಡಬೇಕು.

ಶೇಕಡಾವಾರಿನ ಬಲೆ

ರೋಟಿಸರಿ ಬಗೆಯ ಆಟದಲ್ಲಿ ಅಂಕ, ರಿಬೌಂಡ್, ಅಸಿಸ್ಟ್, ಸ್ಟೀಲ್, ಬ್ಲಾಕ್, ಮೂರಂಕದ ಬುಟ್ಟಿ, ಎಸೆತದ ಶೇಕಡಾವಾರು, ಫ್ರೀ ಥ್ರೋ ಶೇಕಡಾವಾರು ಹೀಗೆ ಪ್ರತಿ ವಿಭಾಗದಲ್ಲಿಯೂ ಯಾರ ತಂಡ ಮುಂದಿದೆ ಎಂದು ನೋಡುತ್ತಾರೆ. ಇಲ್ಲಿ ಹೊಸಬರು ಎಡವುವುದು ಶೇಕಡಾವಾರಿನಲ್ಲಿ.

ಉದಾಹರಣೆಗೆ ಚೇಂಬರ್ಲೇನ್ ಮತ್ತು ಕರಿ ಇಬ್ಬರನ್ನೂ ನೀವು ಆರಿಸಿದಿರಿ ಎನ್ನೋಣ. ಫ್ರೀ ಥ್ರೋನಲ್ಲಿ ಚೇಂಬರ್ಲೇನ್ ಅವರದು ಶೇಕಡಾ 61.3, ಕರಿ ಅವರದು 90.8. ಕೂಡಿ ಎರಡರಿಂದ ಭಾಗಿಸಿದರೆ 76 ಬರುತ್ತದೆ. ಪರವಾಗಿಲ್ಲ ಎನ್ನಿಸುತ್ತದೆ. ಆದರೆ ಆ ಲೆಕ್ಕವೇ ತಪ್ಪು. ಚೇಂಬರ್ಲೇನ್ 1363 ಬಾರಿ ಎಸೆದು 835 ಹಾಕಿದ್ದರು. ಕರಿ 400 ಬಾರಿ ಎಸೆದು 363 ಹಾಕಿದ್ದರು. ಒಟ್ಟು 1763ರಲ್ಲಿ 1198. ಅಂದರೆ ಶೇಕಡಾ 68ರಷ್ಟು ಮಾತ್ರ. ಹೆಚ್ಚು ಬಾರಿ ಎಸೆದವನ ಕಡೆಗೆ ಸರಾಸರಿ ವಾಲುತ್ತದೆ. ಇದನ್ನೇ ನಿಮ್ಮ ಗಣಿತ ಪುಸ್ತಕದಲ್ಲಿ ತೂಕದ ಸರಾಸರಿ ಎನ್ನುತ್ತಾರೆ. ಒಬ್ಬ ಚೇಂಬರ್ಲೇನ್ ಮಾಡಿದ ನಷ್ಟವನ್ನು ತುಂಬಲು ಒಬ್ಬ ಕರಿ ಸಾಲದು.

ಚೆಂಡು ಒಂದೇ

ಇಲ್ಲಿಯವರೆಗೆ ನಾವು ಒಬ್ಬೊಬ್ಬರನ್ನೇ ನೋಡಿದೆವು. ಈಗ ತಂಡಕ್ಕೆ ಬರೋಣ. ಕಾಗದದ ಮೇಲೆ ವಿಭಾಗಗಳನ್ನು ಕೂಡುವ ಆಟದಲ್ಲಿ ಅಂಕಗಳಿಗೆ ಮಿತಿಯೇ ಇಲ್ಲ. ಆದರೆ ‘ಈ ಐವರು ನಿಜವಾಗಿ ಅಂಗಳಕ್ಕಿಳಿದರೆ ಏನಾದೀತು?’ ಎಂದು ಕೇಳಿದೊಡನೆ ಇನ್ನೊಂದು ಸತ್ಯ ಎದುರಾಗುತ್ತದೆ. ಆಟಗಾರರು ಐವರು, ಚೆಂಡು ಒಂದೇ.

ಚೇಂಬರ್ಲೇನ್ ತಮ್ಮ ಋತುವಿನಲ್ಲಿ ಪಂದ್ಯಕ್ಕೆ 39.5 ಬಾರಿ ಬುಟ್ಟಿಗೆ ಎಸೆದರು. ಜೋರ್ಡನ್ 1987-88ರಲ್ಲಿ 24.4 ಬಾರಿ. ಕರಿ 20.2 ಬಾರಿ. ಮೂವರದೂ ಕೂಡಿದರೆ 84.1. ಈಚಿನ ದಶಕಗಳಲ್ಲಿ ಒಂದು ಇಡೀ ತಂಡ ಪಂದ್ಯವೊಂದರಲ್ಲಿ ಎಸೆಯುವುದೇ ಸುಮಾರು 80ರಿಂದ 90 ಬಾರಿ. ಉಳಿದ ಇಬ್ಬರು ಏನು ಮಾಡಬೇಕು? ಚಪ್ಪಾಳೆ ತಟ್ಟಬೇಕಷ್ಟೆ!

ಇದು ಬರಿಯ ಕಲ್ಪನೆಯ ಮಾತಲ್ಲ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ಗೆ ಅಮೆರಿಕ ಮೊದಲ ಬಾರಿ ಎನ್‌ಬಿಎ ತಾರೆಯರನ್ನು ಕಳಿಸಿತು. ಜೋರ್ಡನ್, ಮ್ಯಾಜಿಕ್ ಜಾನ್ಸನ್, ಬರ್ಡ್ ಇದ್ದ ಆ ‘ಡ್ರೀಮ್ ಟೀಮ್’ ಎಲ್ಲ ಪಂದ್ಯಗಳನ್ನೂ ಸರಾಸರಿ 40ಕ್ಕೂ ಹೆಚ್ಚು ಅಂಕಗಳ ಅಂತರದಿಂದ ಗೆದ್ದಿತು. ಅಲ್ಲಿ ಪಾಸ್ ಕೊಡುವವರು, ದೂರದಿಂದ ಎಸೆಯುವವರು, ರಕ್ಷಿಸುವವರು ಎಲ್ಲರೂ ಇದ್ದರು. ಹನ್ನೆರಡು ವರ್ಷದ ನಂತರ, 2004ರ ಅಥೆನ್ಸ್‌ನಲ್ಲಿಯೂ ಅಮೆರಿಕದ ತಂಡದಲ್ಲಿ ದೊಡ್ಡ ಹೆಸರುಗಳೇ ಇದ್ದವು: ಟಿಮ್ ಡಂಕನ್, ಅಲೆನ್ ಐವರ್ಸನ್, ಯುವಕರಾಗಿದ್ದ ಲೆಬ್ರಾನ್ ಜೇಮ್ಸ್. ಆದರೆ ದೂರದಿಂದ ನಂಬಿಕೆಯಾಗಿ ಎಸೆಯುವವರ ಕೊರತೆಯಿತ್ತು. ಒಟ್ಟಿಗೆ ಅಭ್ಯಾಸ ಮಾಡಿದ ದಿನಗಳೂ ಕಡಿಮೆ. ಮೊದಲ ಪಂದ್ಯದಲ್ಲಿಯೇ ಪೋರ್ಟೊರಿಕೊ ವಿರುದ್ಧ 73-92ರಿಂದ ಸೋತರು. ಮುಂದೆ ಲಿಥುವೇನಿಯ ಮತ್ತು ಅರ್ಜೆಂಟೀನಗಳಿಗೂ ಸೋತು ಕಂಚಿನ ಪದಕಕ್ಕೆ ತೃಪ್ತರಾಗಬೇಕಾಯಿತು. ಚಿನ್ನ ಗೆದ್ದದ್ದು ವರ್ಷಗಟ್ಟಲೆ ಒಟ್ಟಿಗೆ ಆಡಿದ್ದ ಅರ್ಜೆಂಟೀನ. ಹೆಸರುಗಳನ್ನು ಕೂಡಿದರೆ ಪಟ್ಟಿ ಆಗುತ್ತದೆ. ತಂಡ ಆಗಬೇಕಾದರೆ ಕೆಲಸ ಹಂಚಿಕೆ ಆಗಬೇಕು.

ಒಂದು ಮಾದರಿ ತಂಡ

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ತಂಡ ಕಟ್ಟಿ ನೋಡೋಣ. ಇದೇ ಸರಿ ಎಂದಲ್ಲ. ವಿಧಾನ ತೋರಿಸಲು ಮಾತ್ರ.

ಪಾಯಿಂಟ್ ಗಾರ್ಡ್: ಸ್ಟೀಫನ್ ಕರಿ, 2015-16. ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡ 73 ಪಂದ್ಯ ಗೆದ್ದು 9ರಲ್ಲಿ ಮಾತ್ರ ಸೋತ ಋತು. ಒಂದೂ ಮತ ಬೇರೆಯವರಿಗೆ ಹೋಗದೆ ಅತ್ಯಮೂಲ್ಯ ಆಟಗಾರನಾದವರು ಇವರೇ ಮೊದಲು. ಇವರು ದೂರ ನಿಂತರೂ ಎದುರಾಳಿ ಬೆನ್ನು ಹತ್ತಲೇಬೇಕು. ಒಳಗಿನ ಜಾಗ ತೆರೆಯುತ್ತದೆ.

ಶೂಟಿಂಗ್ ಗಾರ್ಡ್: ಮೈಕೆಲ್ ಜೋರ್ಡನ್, 1990-91. ಇಲ್ಲಿ ನೀವು ಕೇಳಬಹುದು, 35 ಅಂಕದ 1987-88 ಬಿಟ್ಟು ಇದೇಕೆ? 1987-88ರಲ್ಲಿ ಅವರು ಅತ್ಯಮೂಲ್ಯ ಆಟಗಾರನೂ, ವರ್ಷದ ರಕ್ಷಣಾ ಆಟಗಾರನೂ ಆಗಿದ್ದರು, ಪಂದ್ಯಕ್ಕೆ 3.2 ಸ್ಟೀಲ್. ವಿಭಾಗ ಕೂಡುವ ಆಟವಾದರೆ ಅದನ್ನೇ ಆರಿಸಿ. ಆದರೆ ಅಂಗಳದ ತಂಡಕ್ಕೆ 1990-91 ಹೊಂದುತ್ತದೆ. 22.4 ಎಸೆತಗಳಲ್ಲಿ 31.5 ಅಂಕ, ಗುರಿ ಶೇಕಡಾ 53.9. ಶಿಕಾಗೋ ತಂಡ ಮೊದಲ ಬಾರಿ ಚಾಂಪಿಯನ್ ಆದ ವರ್ಷವೂ ಅದೇ. ‘ಅತ್ಯುತ್ತಮ ಋತು’ ಯಾವುದೆಂಬುದು ನೀವು ಯಾವ ಆಟ ಆಡುತ್ತೀರಿ ಎಂಬುದರ ಮೇಲೆ ನಿಂತಿದೆ.

ಸ್ಮಾಲ್ ಫಾರ್ವರ್ಡ್: ಲೆಬ್ರಾನ್ ಜೇಮ್ಸ್, 2012-13. 26.8 ಅಂಕ, 8.0 ರಿಬೌಂಡ್, 7.3 ಅಸಿಸ್ಟ್. ಎಸೆತ ಕೇವಲ 17.8, ಗುರಿ ಶೇಕಡಾ 56.5.

ಪವರ್ ಫಾರ್ವರ್ಡ್: ಡೆನಿಸ್ ರಾಡ್‌ಮನ್, 1991-92. ಅಂಕ 9.8 ಮಾತ್ರ. ಎಸೆತ ಹತ್ತಕ್ಕಿಂತ ಕಡಿಮೆ. ಉಳಿದ ನಾಲ್ವರಿಗೆ ಚೆಂಡು ಬಿಟ್ಟುಕೊಟ್ಟು, ತಪ್ಪಿದ ಚೆಂಡನ್ನೆಲ್ಲ ಮರಳಿ ತರುವವರು.

ಸೆಂಟರ್: ಹಕೀಂ ಒಲಾಜುವನ್, 1993-94. ನೈಜೀರಿಯದ ಲಾಗೋಸ್‌ನಲ್ಲಿ ಹುಟ್ಟಿದವರು. 27.3 ಅಂಕ, 11.9 ರಿಬೌಂಡ್, 3.7 ಬ್ಲಾಕ್. ಒಂದೇ ಋತುವಿನಲ್ಲಿ ಅತ್ಯಮೂಲ್ಯ ಆಟಗಾರ, ರಕ್ಷಣಾ ಆಟಗಾರ, ಫೈನಲ್ಸ್‌ನ ಅತ್ಯಮೂಲ್ಯ ಆಟಗಾರ ಈ ಮೂರನ್ನೂ ಪಡೆದವರು ಇವರೊಬ್ಬರೇ.

ಎಸೆತಗಳನ್ನು ಕೂಡಿ ನೋಡಿ. ಕರಿ 20.2, ಜೋರ್ಡನ್ 22.4, ಜೇಮ್ಸ್ 17.8, ಒಲಾಜುವನ್ 21.2, ರಾಡ್‌ಮನ್ ಸುಮಾರು 8. ಒಟ್ಟು 90ರ ಆಸುಪಾಸು. ಒಂದು ತಂಡಕ್ಕೆ ಸಿಗುವಷ್ಟೇ. ನಿಮಿಷಗಳು? 34.2, 37.0, 37.9, 40.3, 41.0, ಒಟ್ಟು 190.4. ನಮ್ಮ 240ರಲ್ಲಿ ಉಳಿದದ್ದು 49.6. ಅದನ್ನು ಮೂವರು ಬದಲಿ ಆಟಗಾರರಿಗೆ ಹಂಚಬಹುದು: ಮ್ಯಾಜಿಕ್ ಜಾನ್ಸನ್ 1986-87, ಲ್ಯಾರಿ ಬರ್ಡ್ 1985-86, ಕೆವಿನ್ ಗಾರ್ನೆಟ್ 2003-04. ಆದರೆ ಬದಲಿಯಾಗಿ ಬಂದ ಜಾನ್ಸನ್ ಅವರಿಂದ ಆ ವರ್ಷದ 12.2 ಅಸಿಸ್ಟ್ ನಿರೀಕ್ಷಿಸಬೇಡಿ. ಅದು 36 ನಿಮಿಷದ ಫಲ. 17 ನಿಮಿಷಕ್ಕೆ ಆರರ ಹತ್ತಿರ ಬಂದೀತು.

ಮೊದಲ ಐವರ ರಿಬೌಂಡ್ ಕೂಡಿದರೆ 50 ಬರುತ್ತದೆ. ಒಂದು ತಂಡಕ್ಕೆ ಸಾಮಾನ್ಯವಾಗಿ ಸಿಗುವುದು 44ರ ಸುಮಾರು ಎಂದು ಮೇಲೆ ನೋಡಿದೆವು. ಅಂದರೆ ಎಲ್ಲರಿಗೂ ತಮ್ಮ ಹಳೆಯ ಅಂಕಿ ಸಿಗದು. ರಾಡ್‌ಮನ್ ಹಿಡಿದದ್ದು ಒಲಾಜುವನ್‌ಗೆ ತಪ್ಪುತ್ತದೆ. ಒಳ್ಳೆಯ ತಂಡದಲ್ಲಿ ಪ್ರತಿಯೊಬ್ಬರ ಅಂಕಿಯೂ ಸ್ವಲ್ಪ ಇಳಿಯುವುದು ಸಹಜ. 1962ರ ಬಾಸ್ಟನ್ ತಂಡ ಫಿಲಡೆಲ್ಫಿಯಾವನ್ನು ಸೋಲಿಸಿದ ಗುಟ್ಟಿನಲ್ಲಿ ಇದೂ ಒಂದು.

ಪುಸ್ತಕದಲ್ಲಿ ಇಲ್ಲದ ಋತುಗಳು

ಕೊನೆಯದಾಗಿ, ನಮ್ಮ ಪಟ್ಟಿಗೆ ಬರಲಾಗದವರನ್ನು ನೆನೆಯಬೇಕು. ಕಾನಿ ಹಾಕಿನ್ಸ್ ಎಂಬ ಪ್ರತಿಭಾವಂತನ ಹೆಸರು ಕಾಲೇಜಿನ ದಿನಗಳಲ್ಲಿ, 1961ರಲ್ಲಿ, ಒಂದು ಮೋಸದಾಟದ ಹಗರಣದಲ್ಲಿ ಕೇಳಿಬಂತು. ಆತನ ಮೇಲೆ ಯಾವ ಆರೋಪವೂ ದಾಖಲಾಗಲಿಲ್ಲ. ಆದರೂ ಎನ್‌ಬಿಎ ಬಾಗಿಲು ಮುಚ್ಚಿತು. ಮೊಕದ್ದಮೆ ಹೂಡಿ 1969ರಲ್ಲಿ ಒಳಗೆ ಬರುವ ಹೊತ್ತಿಗೆ ಆತನಿಗೆ 27 ವರ್ಷ. ಲಿಥುವೇನಿಯದ ಅರ್ವಿದಾಸ್ ಸಬೊನಿಸ್ ಅವರನ್ನು ಪೋರ್ಟ್‌ಲೆಂಡ್ ತಂಡ 1986ರಲ್ಲಿಯೇ ಆರಿಸಿತ್ತು. ಸೋವಿಯತ್ ಕಾಲದ ನಿರ್ಬಂಧ, ಕಾಲಿನ ಗಾಯ ಎಲ್ಲವನ್ನೂ ದಾಟಿ ಅವರು ಅಲ್ಲಿ ಆಡಲಾರಂಭಿಸಿದ್ದು 1995ರಲ್ಲಿ, 30 ವರ್ಷದವರಾಗಿ. ಮಹಿಳೆಯರ ಡಬ್ಲ್ಯುಎನ್‌ಬಿಎ ಲೀಗ್ ಆರಂಭವಾದದ್ದೇ 1997ರಲ್ಲಿ. ಅದರ ಮೊದಲ ಎರಡು ವರ್ಷ ಅತ್ಯಮೂಲ್ಯ ಆಟಗಾರ್ತಿಯಾದ ಸಿಂಥಿಯಾ ಕೂಪರ್ ಅವರಿಗೆ ಆಗಲೇ 34 ದಾಟಿತ್ತು. ಅವರ ಯೌವನದ ಋತುಗಳೆಲ್ಲ ಸ್ಪೇನ್, ಇಟಲಿಗಳಲ್ಲಿ ಕಳೆದಿದ್ದವು. ಇನ್ನೂ ಹಿಂದಕ್ಕೆ ಹೋದರೆ, 1950ರವರೆಗೆ ಎನ್‌ಬಿಎಯಲ್ಲಿ ಕಪ್ಪು ಜನಾಂಗದ ಆಟಗಾರರಿಗೆ ಸ್ಥಾನವೇ ಇರಲಿಲ್ಲ.

ದಾಖಲೆ ಪುಸ್ತಕ ಹೇಳುವುದು ಆಡಲು ಅವಕಾಶ ಸಿಕ್ಕವರ ಕಥೆಯನ್ನು. ‘ಸಾರ್ವಕಾಲಿಕ’ ಎಂಬ ಪದ ಬಳಸುವಾಗ ಇದು ನೆನಪಿನಲ್ಲಿರಲಿ.

ನೀವೇ ಮಾಡಿ ನೋಡಿ

1. ನಾಲ್ಕರಿಂದ ಎಂಟು ಗೆಳೆಯರು ಸೇರಿ. ಚೀಟಿ ಎತ್ತಿ ಸರದಿ ನಿರ್ಧರಿಸಿ. ಮೊದಲ ಸುತ್ತು ಒಂದರಿಂದ ಎಂಟಕ್ಕೆ, ಎರಡನೆಯ ಸುತ್ತು ಎಂಟರಿಂದ ಒಂದಕ್ಕೆ ಹೋಗಲಿ. ಕೊನೆಯವನಿಗೂ ನ್ಯಾಯ ಸಿಗುತ್ತದೆ.

2. ಕನಿಷ್ಠ ಪಂದ್ಯಗಳ ಮಿತಿ ಇಡಿ. 1977-78ರಲ್ಲಿ ಬಿಲ್ ವಾಲ್ಟನ್ 58 ಪಂದ್ಯ ಮಾತ್ರ ಆಡಿಯೂ ಅತ್ಯಮೂಲ್ಯ ಆಟಗಾರರಾದರು. ಅಂಥವರನ್ನು ಬಿಡಬೇಕೆ, ಸೇರಿಸಬೇಕೆ ಎಂದು ಮೊದಲೇ ಚರ್ಚಿಸಿ.

3. ಪ್ರತಿ ಅಂಕಿಯ ಪಕ್ಕದಲ್ಲಿ ಆ ವರ್ಷದ ಲೀಗ್ ಸರಾಸರಿಯನ್ನೂ, ಆಡಿದ ನಿಮಿಷಗಳನ್ನೂ ಬರೆಯಿರಿ. 1973ಕ್ಕಿಂತ ಹಿಂದಿನ ಆಟಗಾರರ ಬ್ಲಾಕ್, ಸ್ಟೀಲ್ ಕಾಲಂನಲ್ಲಿ ಸೊನ್ನೆ ಬರೆಯದೆ ಗೆರೆ ಎಳೆಯಿರಿ.

4. ನಿಮಿಷ 240 ಮೀರಬಾರದು, ಎಸೆತ 90 ಮೀರಬಾರದು.

5. ಪ್ರತಿ ಆಯ್ಕೆಗೂ ಎರಡು ಸಾಲಿನ ಕಾರಣ ಬರೆಯಿರಿ. ‘ಅವನು ದೊಡ್ಡ ಆಟಗಾರ’ ಎಂಬುದು ಕಾರಣವಲ್ಲ.

ಬ್ಯಾಸ್ಕೆಟ್‌ಬಾಲ್‌ಗೆ ಬದಲಾಗಿ ಕ್ರಿಕೆಟ್, ಹಾಕಿ ಅಥವಾ ನಿಮ್ಮ ಕಾಲೇಜಿನ ಹಳೆಯ ಕಬಡ್ಡಿ ತಂಡಗಳನ್ನೂ ತೆಗೆದುಕೊಳ್ಳಬಹುದು. ಅಂಕಿ ಹಿಡಿದು ಯಾರಾದರೂ ವಾದಕ್ಕೆ ಬಂದರೆ ಮೂರು ಪ್ರಶ್ನೆ ಕೇಳಿ: ಆಗಿನ ಸರಾಸರಿ ಎಷ್ಟು? ಇದನ್ನು ಅಳೆದವರು ಯಾರು, ಅಳೆಯದೆ ಬಿಟ್ಟದ್ದು ಯಾವುದು? ಅವಕಾಶವೇ ಸಿಗದವರು ಯಾರು? ಆಟದಲ್ಲಿ ಕಲಿತ ಈ ಮೂರು ಪ್ರಶ್ನೆಗಳನ್ನು ಪತ್ರಿಕೆ ಓದುವಾಗಲೂ, ಜಾಹೀರಾತು ನೋಡುವಾಗಲೂ ಮರೆಯದಿರಿ.